ಕಳಚಿಟ್ಟ ಜೀಪು

ಕಾಸರಗೋಡು ಜಿಲ್ಲೆಯ ಪೂರ್ವಭಾಗದಲ್ಲಿ, ಮುಳ್ಳೇರಿಯ, ಆದೂರು, ದೇಲಂಪಾಡಿಗಳಿಂದ ಸುಳ್ಯ ತಾಲೂಕಿನ ಗಡಿಯವರೆಗೆ ಹಬ್ಬಿರುವ ಗುಡ್ಡಗಾಡಿನಲ್ಲಿ, ಜೀಪಿಲ್ಲದ ಕಾಲವನ್ನು ಊಹಿಸಿಕೊಳ್ಳುವುದು ನಮ್ಮ ತಲೆಮಾರಿನವರಿಗೆ ಕಷ್ಟ. ಡಾಮರು ರಸ್ತೆ ಮುಗಿದಲ್ಲಿಂದ ಮುಂದಕ್ಕೆ ಅಕ್ಕಿಯ ಚೀಲವೂ ಅಡಿಕೆಯ ಮೂಟೆಯೂ ಮದುವೆಯ ದಿಬ್ಬಣವೂ ಅದರಲ್ಲೇ ಸಾಗಿದವು. ಹೆರಿಗೆಯ ಬೇನೆ ತಿನ್ನುತ್ತಿದ್ದವರನ್ನು ನಡುರಾತ್ರಿ ಆಸ್ಪತ್ರೆಗೆ ಮುಟ್ಟಿಸಿದ್ದೂ ಅದೇ. ಆರು ಮಂದಿಗೆಂದು ಮಾಡಿದ ಗಾಡಿಯಲ್ಲಿ ಹದಿನಾರು ಮಂದಿ ಹೋಗುತ್ತಿದ್ದರು. ಹಿಂದಿನ ಕಬ್ಬಿಣದ ಮೆಟ್ಟಿಲಲ್ಲಿ ನಿಂತು ನೇತಾಡಿದವರನ್ನು ಆ ಲೆಕ್ಕಕ್ಕೆ ಸೇರಿಸುವ ಪದ್ಧತಿ ಇರಲಿಲ್ಲ. ಈ ಸಂಚಿಕೆಯನ್ನು ಕೈಯಲ್ಲಿ ಹಿಡಿದವರಲ್ಲಿ ಹಾಗೆ ನೇತಾಡಿದವರು ಕೆಲವರಾದರೂ ಇದ್ದಾರು.

ನಮ್ಮ ಮನೆಯ ಜೀಪು 1973ರದು. ಎಸ್ಟೇಟೊಂದರಲ್ಲಿ ಎಂಟು ವರ್ಷ ದುಡಿದಿದ್ದ ಅದನ್ನು ತಂದೆಯವರು 1981ರಲ್ಲಿ ಕೊಂಡರು. ಅಮೆರಿಕದ ವಿಲ್ಲಿಸ್ ಕಂಪೆನಿ 1953ರಲ್ಲಿ ಹೊರತಂದ ಸಿಜೆ-3ಬಿ ಎಂಬ ಮಾದರಿಯನ್ನು ಮಹೀಂದ್ರದವರು ಪರವಾನಗಿ ಪಡೆದು ನಮ್ಮ ದೇಶದಲ್ಲಿ ತಯಾರಿಸುತ್ತಿದ್ದರು. ಅಮೆರಿಕದಲ್ಲಿ ಅದರ ತಯಾರಿಕೆ 1968ರಲ್ಲಿ ನಿಂತ ಮೇಲೂ ಇಲ್ಲಿ ಬಹುಕಾಲ ಮುಂದುವರಿಯಿತು. ಯುದ್ಧಕಾಲದ ಜೀಪಿಗಿಂತ ಇದರ ಬಾನೆಟ್ಟು ಎತ್ತರ. ಹಳೆಯ ಎಂಜಿನಿನಲ್ಲಿ ವಾಲ್ವುಗಳೆಲ್ಲ ಸಿಲಿಂಡರಿನ ಪಕ್ಕದಲ್ಲಿದ್ದವು, ಈ 2.2 ಲೀಟರಿನ ಎಂಜಿನಿನಲ್ಲಿ ಪೆಟ್ರೋಲು ಬೆರೆತ ಗಾಳಿಯನ್ನು ಒಳಕ್ಕೆ ಬಿಡುವ ವಾಲ್ವನ್ನು ಮೇಲಿನ ಹೆಡ್ಡಿಗೆ ಒಯ್ದು, ಹೊಗೆಯನ್ನು ಹೊರಗೆ ಬಿಡುವ ವಾಲ್ವನ್ನು ಇದ್ದಲ್ಲೇ ಉಳಿಸಿದರು. ಎಂಜಿನು ಎತ್ತರವಾದ್ದರಿಂದ ಮುಚ್ಚಳವೂ ಎತ್ತರವಾಯಿತು. ಚಂದಕ್ಕೆ ಇದೊಂದು ಕುಂದೆಂದು ಹೇಳುವವರಿದ್ದಾರೆ. ನಮಗೆ ಜೀಪೆಂದರೆ ಆ ಎತ್ತರದ ಹಣೆಯೇ.

2016ರಲ್ಲಿ ತಂದೆಯವರು ತೀರಿಕೊಂಡ ಮೇಲೆ ಜೀಪು ಅಡಿಕೆ ಕೊಟ್ಟಿಗೆಯ ಮೂಲೆಯಲ್ಲಿ ನಿಂತಿತು. ಗುಜರಿಯವನು ಎರಡು ಸಲ ಬಂದು ತೂಕದ ಲೆಕ್ಕದಲ್ಲಿ ಬೆಲೆ ಹೇಳಿ ಹೋದ. ಕೊಡುವುದೋ ಇಡುವುದೋ ಎಂದು ತೀರ್ಮಾನವಾಗದೆ ಆರು ವರ್ಷ ಕಳೆದವು. ತೀರ್ಮಾನ ಮಾಡಿಸಿದ್ದು 2022ರ ಆಟಿ ತಿಂಗಳು. ಜಗಲಿಯ ಮೆಟ್ಟಿಲಲ್ಲಿ ಜಾರಿ ಬಿದ್ದು ಅಮ್ಮನ ತೊಡೆಯ ಮೂಳೆ ಮುರಿಯಿತು. ಡಾಮರು ರಸ್ತೆಯಿಂದ ನಮ್ಮ ಮನೆಗೆ ಒಂದೂವರೆ ಕಿಲೊಮೀಟರು ಮುರಕಲ್ಲಿನ ಏರು. ವರ್ಷಕ್ಕೆ 3000 ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುವ ಸೀಮೆ ಇದು. ಆ ತಿಂಗಳಲ್ಲಿ ಕಾರು ಹತ್ತುವುದಿಲ್ಲ, ಆಟೋದವರು ಬರಲೊಪ್ಪುವುದಿಲ್ಲ. ಎಂಬತ್ತು ದಾಟಿದ ಅವರನ್ನು ಕುರ್ಚಿಗೆ ಕಟ್ಟಿ, ನಾಲ್ಕು ಮಂದಿ ಹೊತ್ತು, ಕೊಡೆ ಹಿಡಿಯಲು ಇಬ್ಬರು ಬೇರೆ ಬೇಕಾಗಿ, ಕೆಳಗಿಳಿಸುವಾಗ ಒಂದು ಗಂಟೆ ದಾಟಿತು. ಇಳಿಯುವ ದಾರಿಯಲ್ಲಿ ಅಮ್ಮ ನೋವಿನ ಮಾತಾಡಲಿಲ್ಲ. ಕೊಟ್ಟಿಗೆಯ ಕಡೆಗೆ ತಿರುಗಿ, ಜೀಪಿದ್ದಿದ್ದರೆ ಹತ್ತು ನಿಮಿಷವೆಂದಷ್ಟೇ ಹೇಳಿದರು.

ನಾವು ಮೂವರು ಒಡಹುಟ್ಟಿದವರು. ಒಬ್ಬರು ಐಟಿಐಯಲ್ಲಿ ಫಿಟ್ಟರ್ ವಿದ್ಯೆ ಕಲಿತು ಕೆಲಸ ಮಾಡಿದವರು, ಒಬ್ಬರು ಕನ್ನಡ ಶಾಲೆಯ ಅಧ್ಯಾಪಕರು, ತಂಗಿ ಬ್ಯಾಂಕಿನವಳು. ಜೀಪನ್ನು ಮತ್ತೆ ಎಬ್ಬಿಸಬೇಕೆಂಬುದರಲ್ಲಿ ನಮಗೆ ಒಮ್ಮತವಿತ್ತು, ಹೇಗೆಂಬುದರಲ್ಲಿ ಇರಲಿಲ್ಲ. ಪೆಟ್ರೋಲು ಕುಡಿಯುವ ಹಳೆಯ ಎಂಜಿನನ್ನು ತೆಗೆದು ಡೀಸೆಲಿನದನ್ನು ಕೂರಿಸೋಣವೆಂಬುದು ಒಂದು ಪಕ್ಷ. ಎಂಜಿನು ಬದಲಾದರೆ ಅದು ತಂದೆಯವರ ಜೀಪೇ ಅಲ್ಲವೆಂಬುದು ಇನ್ನೊಂದು. ಈ ವ್ಯಾಜ್ಯವನ್ನು ತೀರಿಸಿದ್ದು ಕಾನೂನು. ತಯಾರಕರು ಕೊಟ್ಟ ಮೂಲ ವಿವರಗಳಿಗೆ ವಿರುದ್ಧವಾಗಿ ವಾಹನವನ್ನು ಮಾರ್ಪಡಿಸುವಂತಿಲ್ಲವೆಂದು ಸರ್ವೋಚ್ಚ ನ್ಯಾಯಾಲಯ 2019ರ ಜನವರಿಯಲ್ಲಿ ತೀರ್ಪು ಕೊಟ್ಟಿದೆ. ಆ ಪ್ರಕರಣ ಹೋಗಿದ್ದೇ ಕೇರಳದಿಂದ. ಐವತ್ತು ವರ್ಷ ದಾಟಿದ ವಾಹನಗಳನ್ನು ವಿಂಟೇಜ್ ಎಂದು ನೋಂದಾಯಿಸುವ ನಿಯಮವೊಂದು 2021ರಲ್ಲಿ ಬಂತು. ಅದರ ಫಲಕಕ್ಕೆ ಬೇರೆಯೇ ಅಕ್ಷರಗಳು, ನೋಂದಣಿಗೆ 20,000 ರೂಪಾಯಿ ಶುಲ್ಕ. ಆದರೆ ಹಾಗೆ ನೋಂದಾಯಿಸಿದ ಗಾಡಿಯನ್ನು ದಿನನಿತ್ಯ ರಸ್ತೆಗಿಳಿಸುವಂತಿಲ್ಲ. ಪ್ರದರ್ಶನಕ್ಕಿಡುವ ಜೀಪು ಅಮ್ಮನನ್ನು ಆಸ್ಪತ್ರೆಗೆ ಒಯ್ಯುವುದಿಲ್ಲ. ಹಾಗಾಗಿ ಮೂಲ ಎಂಜಿನಿನಲ್ಲೇ ಸಾಮಾನ್ಯ ನೋಂದಣಿಯನ್ನು ನವೀಕರಿಸುವುದೆಂದು ನಿಶ್ಚಯವಾಯಿತು. 2018ರಲ್ಲಿ ಅವಧಿ ಮುಗಿದಿದ್ದ ಆರ್‌ಸಿ ಪುಸ್ತಕದಲ್ಲಿ ಹಳೆಯ ಕಾಲದ ಮೂರಕ್ಷರದ ಸಂಖ್ಯೆ, ತಂದೆಯವರ ಹೆಸರು. ಹೆಸರು ಅಮ್ಮನಿಗೆ ವರ್ಗವಾಗುವಷ್ಟರಲ್ಲಿ ನವರಾತ್ರಿ ಕಳೆಯಿತು. ಆ ಬಳಿಕ ಕಳಚಲು ಕೈಹಾಕಿದೆವು. ಮುಂದಿನ ಬಿಸುವಿಗೆ ಗಾಡಿ ಏರು ಹತ್ತಬೇಕೆಂಬುದು ಲೆಕ್ಕಾಚಾರ.

ಮೊದಲು ಕಂಡದ್ದು ನೆಲ. ಅಡಿಕೆ ಕೃಷಿಕರಿಗೆ ವಿವರಿಸಬೇಕಾಗಿಲ್ಲ; ಸೋಲಾಪುರದಿಂದಲೋ ಹೊಸೂರಿನಿಂದಲೋ ಬಂದವರಿಗಾಗಿ ಎರಡು ಮಾತು. ಕೊಳೆರೋಗ ತಡೆಯಲು ಮಳೆಗಾಲದಲ್ಲಿ ಅಡಿಕೆ ಗೊನೆಗಳಿಗೆ ಬೋರ್ಡೋ ದ್ರಾವಣ ಸಿಂಪಡಿಸುತ್ತೇವೆ. ನೂರು ಲೀಟರು ನೀರಿಗೆ ಒಂದು ಕಿಲೊ ಮೈಲುತುತ್ತು, ಒಂದು ಕಿಲೊ ಸುಣ್ಣ. ಹದ ಸರಿಯಿದೆಯೇ ಎಂದು ತಿಳಿಯಲು ತಿಕ್ಕಿ ಬೆಳಗಿಸಿದ ಚೂರಿಯನ್ನು ಅದರಲ್ಲಿ ಅದ್ದುವುದು ವಾಡಿಕೆ. ಚೂರಿಗೆ ಕೆಂಪು ಹಿಡಿದರೆ ಸುಣ್ಣ ಸಾಲದೆಂದು ಅರ್ಥ. ದ್ರಾವಣದಲ್ಲಿ ಉಳಿದ ತಾಮ್ರ ಬಂದು ಕಬ್ಬಿಣದ ಮೇಲೆ ಕೂರುತ್ತದೆ, ಅದಕ್ಕೆ ಪ್ರತಿಯಾಗಿ ಕಬ್ಬಿಣ ಕರಗಿ ನೀರಿಗಿಳಿಯುತ್ತದೆ. ಮೂವತ್ತು ಮಳೆಗಾಲ ನಮ್ಮ ಜೀಪಿನ ಹಿಂಭಾಗ ಈ ಚೂರಿಯ ಕೆಲಸ ಮಾಡಿತ್ತು. ಚೀಲ ನೆನೆದು ಸೋರಿದ ಮೈಲುತುತ್ತಿನ ನೀರು ತಗಡನ್ನು ತಿಂದಿತ್ತು; ಪೀಪಾಯಿ ಇಡುತ್ತಿದ್ದ ಜಾಗದಲ್ಲಿ ತೂತುಗಳು ಉಂಗುರದ ಆಕಾರದಲ್ಲಿ ಸಾಲಾಗಿ ನಿಂತಿದ್ದವು.

ತಿಂದುಹೋದ ನೆಲವನ್ನು ಕತ್ತರಿಸಿ ತೆಗೆಯುವ ಬದಲು, ಅದರ ಮೇಲೆಯೇ ಇನ್ನೊಂದು ತಗಡು ಹಾಸಿ ರಿವೆಟ್ ಹೊಡೆದಿದ್ದರು. ಕೆಲವು ವರ್ಷಗಳ ಬಳಿಕ ಅದರ ಮೇಲೆ ಮತ್ತೊಂದು. ಅಂದಂದಿನ ವರ್ಕ್‌ಶಾಪಿನವರ ಅವಸರ ಅದು. ಗಾಡಿ ಸಂಜೆಗೆ ಮರಳಿ ಬೇಕೆಂದು ಹೇಳುವವರಿದ್ದಾಗ ಇನ್ನೇನು ಮಾಡಿಯಾರು? ಆದರೆ ಎರಡು ತಗಡುಗಳ ನಡುವೆ ಸೇರಿದ ನೀರಿಗೆ ಹೊರಬರುವ ದಾರಿಯಿಲ್ಲ. ಒಂದರ ಮೇಲೊಂದಿದ್ದ ಮೂರು ನೆಲಗಳನ್ನು ಎಬ್ಬಿಸಿದಾಗ ನಡುವಿನದು ಕೈಯಲ್ಲಿ ಪುಡಿಯಾಯಿತು. ಅದರೊಳಗೆ ಒಂದು ಐವತ್ತು ಪೈಸೆ, ನಾಲ್ಕು ಅಡಿಕೆ, ಯಾರದೋ ಮಗುವಿನ ಬಳೆ. ಬಳೆಯನ್ನು ಅಮ್ಮ ಬಹಳ ಹೊತ್ತು ತಿರುಗಿಸಿ ನೋಡಿದರು, ಗುರುತು ಸಿಗಲಿಲ್ಲ.

ನೆಲ ಹೋದ ಮೇಲೆ ಅದರಡಿಯ ಚಾಸಿ ಕಂಡಿತು. ಜೀಪಿನ ಬೆನ್ನೆಲುಬೆಂದರೆ ಅದೇ. ನಾಲ್ಕು ಮೂಲೆಗಳಿಗೆ ದಾರ ಕಟ್ಟಿ ಅಡ್ಡಡ್ಡ ಅಳೆದಾಗ ಒಂದು ಕರ್ಣ ಇನ್ನೊಂದಕ್ಕಿಂತ 16 ಮಿಲಿಮೀಟರು ಉದ್ದ. ತಂದೆಯವರು ಜೀಪಿಗೆಂದೇ ಒಂದು ಪುಸ್ತಕ ಇಟ್ಟಿದ್ದರು. ಆಯಿಲ್ ಬದಲಿಸಿದ ದಿನ, ಟಯರ್ ಕೊಂಡ ಬೆಲೆ, ಬಾಡಿಗೆ ಕೊಡಬೇಕಾದವರ ಹೆಸರು ಎಲ್ಲವೂ ಸಣ್ಣ ಅಕ್ಷರದ ಕನ್ನಡದಲ್ಲಿ. 1994ರ ಜುಲೈಯಲ್ಲಿ ಎದುರಿನ ಲಾರಿಗೆ ದಾರಿ ಕೊಡಲು ಹೋಗಿ ಚರಂಡಿಗೆ ಇಳಿದದ್ದು, ಹನ್ನೊಂದು ಮಂದಿ ಸೇರಿ ಎತ್ತಿದ್ದು, ಯಾರಿಗೂ ಪೆಟ್ಟಾಗದ್ದು ಅದರಲ್ಲಿ ದಾಖಲಾಗಿದೆ. ಚಾಸಿ ತಿರುಚಿದ್ದು ಆಗಲೇ ಇರಬೇಕು. ಅದರ ಮೇಲೆ ಇಪ್ಪತ್ತೆರಡು ವರ್ಷ ಅವರು ಓಡಿಸಿದ್ದಾರೆ. ಗಾಡಿ ಒಂದು ಬದಿಗೆ ಎಳೆಯುತ್ತಿದ್ದುದನ್ನು ಸ್ಟಿಯರಿಂಗ್ ಹಿಡಿತದಲ್ಲೇ ಸರಿದೂಗಿಸುತ್ತಿದ್ದರು. ಅವರ ಬಲಗೈ ಯಾವಾಗಲೂ ಬಿಗಿಯಾಗಿರುತ್ತಿದ್ದುದು ಗಾಡಿ ಹಿಡಿಯುವ ಶೈಲಿಯೆಂದು ನಾವು ಬಾಲ್ಯದಲ್ಲಿ ಅನುಕರಿಸುತ್ತಿದ್ದೆವು.

ತಿರುಚಿದ್ದನ್ನು ಪುತ್ತೂರಿನ ಕಡೆಯ ವರ್ಕ್‌ಶಾಪೊಂದರಲ್ಲಿ ನೇರ ಮಾಡಿಸಿದೆವು. ಕಷ್ಟ ಕೊಟ್ಟದ್ದು ಹಳೆಯ ತೇಪೆ. ಬಿರುಕು ಬಿಟ್ಟಲ್ಲಿ ಚೌಕದ ತಗಡಿಟ್ಟು ಸುತ್ತಲೂ ಬೆಸುಗೆ ಹಾಕಿದ್ದರು. ಚಾಸಿಯ ಪಟ್ಟಿಗೆ ನೇರ ಅಡ್ಡವಾಗಿ ಬೆಸುಗೆ ಎಳೆದರೆ ಭಾರವೆಲ್ಲ ಆ ಗೆರೆಯಲ್ಲಿ ಸೇರಿ, ಪಕ್ಕದಲ್ಲೇ ಹೊಸ ಬಿರುಕು ಹುಟ್ಟುತ್ತದೆ. ತೇಪೆಯ ತುದಿಗಳನ್ನು ಓರೆಯಾಗಿ ಕತ್ತರಿಸಿ ಕೂರಿಸುವುದು ಕ್ರಮ. ಹೀಗೆ ಬಿರುಕಿಗೆ ತೇಪೆ, ತೇಪೆಯ ಬಿರುಕಿಗೆ ಮತ್ತೊಂದು ತೇಪೆಯಾಗಿ, ಒಂದು ಚಾಸಿ ಸಂಖ್ಯೆಯ ಮೇಲೆಯೇ ಬಂದು ಕೂತಿತ್ತು. ಕೊರೆದ ಸಂಖ್ಯೆ ಕಾಣದಿದ್ದರೆ ಪರೀಕ್ಷೆಯಿಲ್ಲ, ಪರೀಕ್ಷೆಯಿಲ್ಲದೆ ನೋಂದಣಿಯಿಲ್ಲ. ಉಳಿದದ್ದೆಲ್ಲ ಸರಿಯಾದರೂ ಜೀಪು ಅಂಗಳದ ಅಲಂಕಾರವಾಗಿ ಉಳಿಯುತ್ತಿತ್ತು. ಬೆಸುಗೆಯ ಅಂಚನ್ನು ಅರದಿಂದ ಉಜ್ಜಿ ಉಜ್ಜಿ ತೇಪೆಯನ್ನು ಎಬ್ಬಿಸಲು ಮೂರು ದಿನ ಹಿಡಿಯಿತು. ಗ್ರೈಂಡರ್ ಮುಟ್ಟಿಸುವ ಧೈರ್ಯ ಯಾರಿಗೂ ಇರಲಿಲ್ಲ. ಮೇಲೆ ಕಾಗದವಿಟ್ಟು ಪೆನ್ಸಿಲಿನಿಂದ ತಿಕ್ಕಿದಾಗ ಅಂಕಿಗಳು ಒಂದೊಂದಾಗಿ ಮೂಡಿದವು. ಕೊನೆಯ ಅಂಕಿ ಮೂರೋ ಎಂಟೋ ಎಂಬ ಸಂಶಯ ಉಳಿಯಿತು. ತಂಗಿ ಆರ್‌ಸಿಯನ್ನು ತೆರೆದು ಹಿಡಿದಳು, ಎಂಟು. ಎಡಭಾಗದ ಸುತ್ತನ್ನು ತುಕ್ಕು ತಿಂದಿತ್ತು. ಆ ರಾತ್ರಿ ಮನೆಯಲ್ಲಿ ಪಾಯಸವಾಯಿತು.

ಹಳೆಯ ಕೈಗಳ ಕೆಲಸವೆಲ್ಲ ತಪ್ಪೆಂದು ಹೇಳುವಂತಿಲ್ಲ. ಜೀಪಿನ ಮೈಯನ್ನು ಚಾಸಿಯ ಮೇಲೆ ಕೂರಿಸುವಲ್ಲಿ ಇರಬೇಕಾದ ಮೆತ್ತೆಗಳು ಯಾವ ಕಾಲದಲ್ಲೋ ಹೋಗಿ, ಅಲ್ಲಿ ಕಿರಾಲ್ಬೋಗಿ ಮರದ ತುಂಡುಗಳಿದ್ದವು. ಗೇರುಬೀಜದ ಸಿಪ್ಪೆಯ ಎಣ್ಣೆ ಕುಡಿಸಿದ ಕಪ್ಪು ತುಂಡುಗಳು. ಅವನ್ನು ಹಾಕಿದವರು ನಮ್ಮ ಮನೆಯ ಬಾಗಿಲು ಮಾಡಿದ ಆಚಾರಿಯವರೆಂದು ಪುಸ್ತಕ ಹೇಳುತ್ತದೆ. ಅಂಗಡಿಯಿಂದ ತಂದ ಹೊಸ ರಬ್ಬರಿನ ಮೆತ್ತೆಗಳು ಗಾಡಿ ರಸ್ತೆ ಕಾಣುವ ಮೊದಲೇ ಬಿರಿದವು. ಮರದ ತುಂಡುಗಳನ್ನೇ ಮತ್ತೆ ಎಣ್ಣೆ ಹಚ್ಚಿ ಇಟ್ಟಿದ್ದೇವೆ. ಯಾವುದು ತಪ್ಪು, ಯಾವುದು ಉಪಾಯ ಎಂಬುದನ್ನು ಕಳಚಿದ ಒಂದೊಂದು ಭಾಗವೂ ಹೊಸದಾಗಿ ಕೇಳುತ್ತಿತ್ತು. ನಮ್ಮೊಳಗಿನ ಜಗಳಗಳಲ್ಲಿ ಹೆಚ್ಚಿನವು ಈ ಪ್ರಶ್ನೆಯ ಸುತ್ತಲೇ ನಡೆದವು.

ಎಂಜಿನಿನ ಕಥೆ ಬೇರೆ. ಅದರ ಹೆಡ್ ಬಿಚ್ಚಲು ಪೇಟೆಯಿಂದ ತರುಣ ಮೆಕ್ಯಾನಿಕರೊಬ್ಬರು ಬಂದರು. ಈಚಿನ ಗಾಡಿಗಳಲ್ಲಿ ಅವರ ಕೈ ಚೆನ್ನಾಗಿತ್ತು. ಕಾಣುವ ಬೋಲ್ಟುಗಳನ್ನೆಲ್ಲ ತೆಗೆದರೂ ಹೆಡ್ ಅಲುಗಲಿಲ್ಲ. ಹಳೆಯ ಗ್ಯಾಸ್ಕೆಟ್ ಹಿಡಿದುಕೊಂಡಿದೆ ಎಂದು ಸಂದಿಗೆ ಹಾರೆ ಕೊಟ್ಟು ಎಬ್ಬಿದರು. ಬೀಡುಕಬ್ಬಿಣ ಬಾಗುವ ಜಾತಿಯದಲ್ಲ. ಟಕ್ಕೆಂದು ಅಂಚಿನ ಒಂದು ತುಂಡು ಮುರಿದು ಬಿತ್ತು. ಕೆಲಸ ನಿಂತಿತು.

ಮರುದಿನ ತಂದೆಯವರ ಕಾಲದ ಮೆಕ್ಯಾನಿಕರನ್ನು ಕರೆತಂದೆವು. ಎಪ್ಪತ್ತೈದು ದಾಟಿದವರು. ಊರೆಲ್ಲ ಅವರನ್ನು ಇಚ್ಚ ಎಂದೇ ಕರೆಯುವುದು, ನಾವೂ ಹಾಗೆಯೇ. ಕಣ್ಣಿಗೆ ಪೊರೆ ಬಂದು ಕೆಲಸ ಬಿಟ್ಟು ಬಹಳ ವರ್ಷವಾಗಿತ್ತು. ಜೀಪಿನ ಸುತ್ತ ಒಂದು ಸಲ ಕೈಯಾಡಿಸಿಕೊಂಡು ಬಂದು, ಕಾರ್ಬುರೇಟರ್ ತೆಗೆದಿದ್ದ ತೂತಿನೊಳಗೆ ಬೆರಳಿಳಿಸಿ, “ಇದನ್ನು ಬಿಚ್ಚಲು ಯಾರು ಬರಬೇಕು ಮಕ್ಕಳೇ?” ಎಂದರು. ಈ ಎಂಜಿನಿನಲ್ಲಿ ಗಾಳಿ ಹೋಗುವ ದಾರಿಯನ್ನು ಹೆಡ್ಡಿನೊಳಗೇ ಎರಕ ಹೊಯ್ದಿದ್ದಾರೆ. ಕಾರ್ಬುರೇಟರ್ ಕೂರುವ ಬಾಯಿಯ ಒಳಗೆ, ಕತ್ತಲಲ್ಲಿ, ಹೆಡ್ಡಿನ ಬೋಲ್ಟೊಂದಿದೆ. ಮೇಲಿನಿಂದ ನೋಡಿದವರಿಗೆ ಅದು ಮಸಿ ಹಿಡಿದ ತಳದಂತೆ ಕಾಣುತ್ತದೆ. ಇಚ್ಚ ಬಿಚ್ಚಿದ ಎರಡನೆಯ ನಿಮಿಷಕ್ಕೆ ಹೆಡ್ ಎದ್ದಿತು.

ಮುರಿದ ಅಂಚು ನೀರು ಹರಿಯುವ ದಾರಿಯ ಪಕ್ಕದಲ್ಲಿತ್ತು. ಮೊದಲು ತೋರಿಸಿದ ವೆಲ್ಡಿಂಗ್ ಅಂಗಡಿಯಲ್ಲಿ ತಣ್ಣಗಿನ ಹೆಡ್ಡಿಗೇ ನೇರ ಬೆಸುಗೆ ಹಾಕಿದರು. ಆರುವಾಗ ಬೆಸುಗೆಯ ಪಕ್ಕದಲ್ಲಿ ಕೂದಲೆಳೆಯಂತೆ ಬಿರುಕು ಹರಿಯಿತು. ಬೀಡುಕಬ್ಬಿಣವನ್ನು ಇಡಿಯಾಗಿ ಕಾಯಿಸಿಕೊಂಡು, ಹಿತ್ತಾಳೆಯ ಕಡ್ಡಿ ಕರಗಿಸಿ ತುಂಬಿ, ಬಳಿಕ ಬೂದಿಯೊಳಗೆ ಹುಗಿದಿಟ್ಟು ನಿಧಾನವಾಗಿ ತಣಿಯಲು ಬಿಡಬೇಕು. ಹಾಗೆ ಮಾಡಬಲ್ಲವರು ಮಂಗಳೂರಿನಲ್ಲಿ ಸಿಕ್ಕಿದರು. ಹಿತ್ತಾಳೆಯ ಆ ಹಳದಿ ಹಲ್ಲು ಈಗಲೂ ಹೆಡ್ಡಿನ ಅಂಚಿನಲ್ಲಿ ಹೊಳೆಯುತ್ತದೆ.

ಅದಕ್ಕಿಂತ ದೊಡ್ಡ ಪೆಟ್ಟು ಸಿಲಿಂಡರಿನದು. ಮೂಲ ಅಳತೆಯಲ್ಲಿ ಸಿಲಿಂಡರಿನ ಅಡ್ಡಳತೆ ಮೂರು ಇಂಚು ಮತ್ತು ಎಂಟನೆಯ ಒಂದು ಭಾಗ, ಅಂದರೆ 79.4 ಮಿಲಿಮೀಟರು. ಸವೆದಾಗ ಒಳಗನ್ನು ಸ್ವಲ್ಪ ಕೊರೆದು ಅಗಲಿಸಿ, ಅದಕ್ಕೆ ಸರಿಯಾದ ದೊಡ್ಡ ಪಿಸ್ಟನ್ ಹಾಕುತ್ತಾರೆ. ಅಂಗಡಿಯಿಂದ ಬಂದ ಪೆಟ್ಟಿಗೆಯ ಮೇಲೆ 40 ಎಂದಿತ್ತು. ಇಂಚಿನ ಸಾವಿರದಲ್ಲಿ ನಲವತ್ತು ಭಾಗ ಹೆಚ್ಚೆಂದು ಅರ್ಥ. ಬೋರಿಂಗ್ ಮಾಡುವವರು ಪೆಟ್ಟಿಗೆಯ ಬರಹ ಓದಿ ಕೊರೆದರು. ಕೊರೆಯುವ ಮೊದಲು ಪಿಸ್ಟನನ್ನು ಕೈಯಲ್ಲಿ ಹಿಡಿದು ಮೈಕ್ರೋಮೀಟರಿನಿಂದ ಅಳೆಯುವುದು ಆ ವೃತ್ತಿಯ ಮೊದಲ ಪಾಠ. ಒಳಗಿದ್ದವು 30ರ ಪಿಸ್ಟನುಗಳು. ವ್ಯತ್ಯಾಸ ಕಾಲು ಮಿಲಿಮೀಟರು ಮಾತ್ರ, ಆದರೆ ಪಿಸ್ಟನನ್ನು ಇಳಿಸಿದರೆ ಬಾವಿಯೊಳಗೆ ಕೊಡ ಬಡಿದಂತೆ ಬಡಿಯುತ್ತಿತ್ತು. ಪಿಸ್ಟನ್ ದೊಡ್ಡದಿದ್ದರೆ ಇನ್ನಷ್ಟು ಕೊರೆಯಬಹುದಿತ್ತು. ಕೊರೆದುಹೋದ ಕಬ್ಬಿಣವನ್ನು ಮರಳಿ ತುಂಬುವ ಉಪಾಯವೆಂದರೆ ಹೊಸ ಸ್ಲೀವ್ ಕೂರಿಸುವುದೊಂದೇ. ಅದಕ್ಕೆ ಎಂಜಿನಿನ ಗೋಡೆ ಇನ್ನೂ ತೆಳ್ಳಗಾಗಬೇಕು. ಬೋರಿಂಗಿನವರು ಅಂಗಡಿಯವರ ಮೇಲೆ, ಅಂಗಡಿಯವರು ಪೆಟ್ಟಿಗೆ ಕಟ್ಟಿದವರ ಮೇಲೆ ಹಾಕಿದರು. ಎರಡೂ ಕಡೆಯವರು ನಮ್ಮನ್ನು ಚಹಾ ಕುಡಿಸದೆ ಕಳುಹಿಸಲಿಲ್ಲವೆಂಬುದನ್ನೂ ಹೇಳಬೇಕು.

ನಿಜವಾದ 40ರ ಪಿಸ್ಟನುಗಳಿಗಾಗಿ ಹುಡುಕಾಟ ಮಾರ್ಚಿಯಿಂದ ಜುಲೈವರೆಗೆ ನಡೆಯಿತು. ಬಿಸು ಬಂದುಹೋಯಿತು. ಮಳೆ ಹಿಡಿಯಿತು. 2023ರ ಆ ಮಳೆಗಾಲದಲ್ಲಿ ಅಮ್ಮನನ್ನು ಮೂರು ಸಲ ಮೂಳೆ ವೈದ್ಯರಲ್ಲಿಗೆ ಒಯ್ಯಬೇಕಾಯಿತು, ಮೂರು ಸಲವೂ ದೂರದಿಂದ ಬಾಡಿಗೆ ಜೀಪು ತರಿಸಿದೆವು. ಬಂದ ಚಾಲಕ ಕೊಟ್ಟಿಗೆಯಲ್ಲಿ ಮರದ ತುಂಡುಗಳ ಮೇಲೆ ಕೂತಿದ್ದ ನಮ್ಮ ಚಾಸಿಯನ್ನು ನೋಡಿ, “ಇದು ಎದ್ದ ಹಾಗೆಯೇ ಅಣ್ಣ, ಗುಜರಿಗೆ ಕೊಡಿ,” ಎಂದ. ಅಮ್ಮ ಕುರ್ಚಿಯಿಂದಲೇ, “ಮೊದಲು ನಿನ್ನ ಜೀಪಿನ ಬಾಗಿಲು ಸರಿ ಮಾಡು,” ಎಂದು ಉತ್ತರಿಸಿದರು. ಪಿಸ್ಟನುಗಳು ಕೊನೆಗೆ ಕೊಯಮತ್ತೂರಿನ ಹಳೆಯ ಸಾಮಾನಿನ ಅಂಗಡಿಯೊಂದರಲ್ಲಿ ಸಿಕ್ಕಿದವು. ಗ್ರೀಸ್ ಕಾಗದದಲ್ಲಿ ಸುತ್ತಿದ ನಾಲ್ಕನ್ನೂ ಮೇಜಿನ ಮೇಲಿಟ್ಟು, ಅಳೆದು, ಬಳಿಕ ಹಣ ಕೊಟ್ಟೆವು.

ಗಾಡಿ ಜೋಡಣೆಯಾಗಿ ಮೊದಲ ಸಲ ಅಂಗಳದಿಂದ ಹೊರಟದ್ದು ಆ ವರ್ಷದ ದೀಪಾವಳಿಯ ಹೊತ್ತಿಗೆ. ಡಾಮರು ರಸ್ತೆಗಿಳಿದು ವೇಗ 40 ಕಿಲೊಮೀಟರು ಮುಟ್ಟಿದೊಡನೆ ಮುಂದಿನ ಚಕ್ರಗಳೆರಡೂ ನಡುಗತೊಡಗಿದವು. ಸ್ಟಿಯರಿಂಗ್ ಕೈಯಿಂದ ಕಿತ್ತುಕೊಂಡು ಹೋಗುವಂತಹ ನಡುಕ. ಹಳೆಯ ಜೀಪುಗಳಲ್ಲಿ ಇದು ಹೊಸ ರೋಗವಲ್ಲ. ಮುಂದಿನ ಚಕ್ರ ಬಲಕ್ಕೂ ಎಡಕ್ಕೂ ತಿರುಗುವ ಕೀಲಿಗೆ ಇಂಗ್ಲಿಷಿನಲ್ಲಿ ನಕ್ಕಲ್ ಎನ್ನುತ್ತಾರೆ. ತಂದೆಯವರ ಪುಸ್ತಕದಲ್ಲಿ ಅದಕ್ಕೆ ಗೆಣ್ಣು ಎಂಬ ಹೆಸರಿದೆ. ಇಚ್ಚನ ಮಾತು ಮಲಯಾಳ, ವೆಲ್ಡಿಂಗಿನವರದು ತುಳು, ಪೆಟ್ಟಿಗೆಗಳ ಮೇಲಿನದು ಇಂಗ್ಲಿಷು. ಆ ಗದ್ದಲದ ನಡುವೆ ಈ ಗೆಣ್ಣು ಕಿವಿಗೆ ಹಿತವಾಗಿತ್ತು. ಗೆಣ್ಣಿನ ಮೇಲೂ ಕೆಳಗೂ ಬೇರಿಂಗುಗಳಿವೆ. ಅವುಗಳ ಬಿಗಿಯನ್ನು ನಿರ್ಧರಿಸುವುದು ತೆಳ್ಳಗಿನ ತಗಡಿನ ಬಿಲ್ಲೆಗಳು. ಬಿಲ್ಲೆ ಒಂದು ಹೆಚ್ಚಾದರೆ ಸಡಿಲ, ಒಂದು ಕಡಿಮೆಯಾದರೆ ಬಿಗಿ.

ಕಳಚುವಾಗ ಬಲಗಡೆಯ ಗೆಣ್ಣಿನಲ್ಲಿ ಬಿಸ್ಕತ್ತು ಡಬ್ಬಿಯ ತಗಡಿನಿಂದ ಕತ್ತರಿಸಿದ ಬಿಲ್ಲೆಯೊಂದು ಸಿಕ್ಕಿತ್ತು. ಒಂದು ಬದಿಯಲ್ಲಿ ಇನ್ನೂ ಕೆಂಪು ಬಣ್ಣವಿತ್ತು. ಅದನ್ನು ತೆಗೆದಿಟ್ಟು, ಅಂಗಡಿಯಿಂದ ಬಂದ ಹೊಸ ಬಿಲ್ಲೆಗಳನ್ನು ಹಾಕಲಾಗಿತ್ತು. ಅವುಗಳ ದಪ್ಪ ಹೊದಿಕೆಯ ಮೇಲೆ ಅಚ್ಚಾದದ್ದಕ್ಕಿಂತ ಹೆಚ್ಚಿತ್ತೆಂದು ನಡುಕ ಬಂದ ಮೇಲೆ ಅಳೆದಾಗ ತಿಳಿಯಿತು. ಡಬ್ಬಿಯ ತಗಡನ್ನೇ ಮರಳಿ ಹಾಕೋಣವೆಂಬ ಮಾತು ನಮ್ಮಲ್ಲಿ ಎದ್ದಿತು. ಅದನ್ನು ಹಾಕಿದವರೇ ಇಚ್ಚ, ಅವರಿಗೆ ತೋರಿಸಿದೆವು. ಬೆರಳ ನಡುವೆ ತಿರುಗಿಸಿ ಗುರುತು ಹಿಡಿದು ನಕ್ಕರು. “ಇದು ಒಂದು ಮಳೆಗಾಲಕ್ಕೆಂದು ಹಾಕಿದ್ದು. ನಿಮ್ಮ ತಂದೆ ಮತ್ತೆ ತರಲೇ ಇಲ್ಲ.” ಪುಸ್ತಕ ನೋಡಿದರೆ ಅದು 1996. ಇಪ್ಪತ್ತು ಮಳೆಗಾಲ ಆ ಡಬ್ಬಿಯ ತಗಡು ಚಕ್ರವನ್ನು ಹಿಡಿದು ನಿಂತಿತ್ತು. ಆದರೂ ಅದನ್ನು ಮತ್ತೆ ಹಾಕಲು ಇಚ್ಚ ಒಪ್ಪಲಿಲ್ಲ. ತಾನು ಮಾಡಿದ್ದು ಆ ದಿನದ ಕೆಲಸ, ಈಗ ಮಾಡಬೇಕಾದದ್ದು ಸರಿಯಾದ ಕೆಲಸ ಎಂಬುದು ಅವರ ವಾದ. ಮರದ ತುಂಡುಗಳನ್ನು ಉಳಿಸಬೇಕೆಂದು ಹಟ ಹಿಡಿದವರೇ ತಗಡನ್ನು ಉಳಿಸಲು ಹೊರಟಾಗ, ಅದನ್ನು ಮಾಡಿದವರೇ ಬೇಡವೆಂದರು. ಈ ಮಾತು ನಮಗೆ ಬಹಳ ದಿನ ಯೋಚನೆಗೆ ಗ್ರಾಸವಾಯಿತು.

ಮೀನು ತೂಗುವ ಸ್ಪ್ರಿಂಗ್ ತಕ್ಕಡಿಯೊಂದನ್ನು ತರಿಸಿ, ಗೆಣ್ಣಿನ ತೋಳಿಗೆ ಸಿಕ್ಕಿಸಿ ಇಚ್ಚ ಎಳೆದರು. ಮುಳ್ಳು ನಿಗದಿಯಾದ ತೂಕದ ಆಸುಪಾಸಿನಲ್ಲಿರುವಾಗ ಗೆಣ್ಣು ಅಲುಗಬೇಕು. ಅವರಿಗೆ ಮುಳ್ಳು ಕಾಣುತ್ತಿರಲಿಲ್ಲ. ಎಳೆಯುವುದು ಅವರು, ಓದುವುದು ತಂಗಿ. ಬಿಲ್ಲೆಗಳನ್ನು ಒಂದೊಂದಾಗಿ ತೆಗೆದು, ಸೇರಿಸಿ, ಎರಡು ಮಧ್ಯಾಹ್ನ ಕಳೆದವು. ಅವರು ಎಳೆದ ಕೈಯಲ್ಲೇ ತೂಕ ಹೇಳುತ್ತಿದ್ದರು. ತಂಗಿ ಓದಿದ ಅಂಕಿ ಹೆಚ್ಚಿನ ಸಲ ಅದಕ್ಕೆ ತಾಳೆಯಾಗುತ್ತಿತ್ತು. ಅಳತೆಗಳನ್ನೆಲ್ಲ ಅವಳು ತಂದೆಯವರ ಪುಸ್ತಕದ ಉಳಿದ ಹಾಳೆಗಳಲ್ಲಿ ಬರೆದಿಟ್ಟಿದ್ದಾಳೆ. ನಡುಕ ಹೋಯಿತು.

ಉಳಿದವು ಸಣ್ಣವು, ಆದರೆ ಸಣ್ಣವೇ ಹೆಚ್ಚು ದಿನ ತಿಂದವು. ಬ್ರೇಕಿನ ರಬ್ಬರುಗಳೆಲ್ಲ ಉಬ್ಬಿ ಮೆತ್ತಗಾಗಿದ್ದವು; ಬ್ರೇಕ್ ಆಯಿಲ್ ಇರಬೇಕಾದಲ್ಲಿ ಯಾರೋ ಎಂಜಿನ್ ಆಯಿಲ್ ಹೊಯ್ದ ಪರಿಣಾಮ. ಆಸನದ ಅಡಿಯಲ್ಲಿರುವ ಪೆಟ್ರೋಲ್ ಟ್ಯಾಂಕಿನ ತುಕ್ಕನ್ನು ಸಣ್ಣ ಜಲ್ಲಿಕಲ್ಲು ಹಾಕಿ ಕುಲುಕಿಸಿ ತೆಗೆದಾಗ, ಅಷ್ಟು ವರ್ಷ ತುಕ್ಕೇ ಮುಚ್ಚಿದ್ದ ತೂತುಗಳು ಬಾಯಿಬಿಟ್ಟವು. ಈಗ ಪಂಪಿನಲ್ಲಿ ಸಿಗುವ ಪೆಟ್ರೋಲಿನಲ್ಲಿ ಶೇಕಡಾ 20ರವರೆಗೆ ಎಥೆನಾಲ್ ಬೆರೆತಿರುತ್ತದೆ. ಅದು ತೇವವನ್ನು ಎಳೆದುಕೊಳ್ಳುತ್ತದೆ, ಹಳೆಯ ಜಾತಿಯ ರಬ್ಬರನ್ನು ಹಾಳುಮಾಡುತ್ತದೆ. ಪೆಟ್ರೋಲ್ ಪಂಪಿನ ಒಳಪೊರೆ ಎರಡು ಸಲ ಹೋಯಿತು. ಮೂರನೆಯದನ್ನು ಎಥೆನಾಲ್ ತಡೆಯುವ ರಬ್ಬರಿನದ್ದೇ ಹುಡುಕಿ ಹಾಕಿದ್ದೇವೆ.

2024ರ ಫೆಬ್ರವರಿಯಲ್ಲಿ ಪರೀಕ್ಷೆಗೆ ಒಯ್ದೆವು. ಪರೀಕ್ಷಿಸಿದ ಅಧಿಕಾರಿ ಚಾಸಿ ಸಂಖ್ಯೆಯ ಮೇಲೆ ತಾವೂ ಕಾಗದವಿಟ್ಟು ಪೆನ್ಸಿಲಿನಿಂದ ತಿಕ್ಕಿದರು. ಕೊನೆಯ ಅಂಕಿಯ ಬಳಿ ಸ್ವಲ್ಪ ಹೊತ್ತು ನಿಂತರು. ಬ್ಯಾಟರಿ ಬೆಳಕು ಓರೆಯಾಗಿ ಹಿಡಿದು ನೋಡಿ ಎಂಟೆಂದು ಬರೆದುಕೊಂಡರು. ಐದು ವರ್ಷಕ್ಕೆ ನೋಂದಣಿ ನವೀಕರಣವಾಯಿತು. ಮರಳುವಾಗ ದಾರಿಯಲ್ಲಿ ಇಚ್ಚನ ಮನೆಯ ಮುಂದೆ ನಿಲ್ಲಿಸಿದೆವು. ಅವರು ಹೊರಗೆ ಬರಲಿಲ್ಲ. ಜಗಲಿಯಲ್ಲಿ ಕೂತಲ್ಲಿಂದಲೇ ಎಂಜಿನಿನ ಸದ್ದು ಕೇಳಿ, ಒಂದು ವಾಲ್ವಿನ ಸಂದು ಜಾಸ್ತಿಯಿದೆ, ನಾಳೆ ನೋಡಿ ಎಂದರು. ಮರುದಿನ ಅಳೆದರೆ ಮೂರನೆಯ ಸಿಲಿಂಡರಿನದು.

ಆ ವರ್ಷದ ಮಳೆಗಾಲದಲ್ಲಿ ಅಮ್ಮ ನಾಲ್ಕು ಸಲ ಆಸ್ಪತ್ರೆಗೆ, ಒಂದು ಸಲ ತಮ್ಮನ ಮೊಮ್ಮಗಳ ಮದುವೆಗೆ ಜೀಪಿನಲ್ಲೇ ಹೋಗಿ ಬಂದರು. ಹತ್ತಲು ಕಾಲು ಎತ್ತಲಾಗುವುದಿಲ್ಲವೆಂದು ಬಲಬದಿಗೆ ಇಳಿಬಿಡುವ ಮೆಟ್ಟಿಲೊಂದನ್ನು ಮಾಡಿಸಿದ್ದೇವೆ. ಹುಡ್ಡಿನ ಕ್ಯಾನ್ವಾಸು ಒಂದು ಮೂಲೆಯಲ್ಲಿ ಸೋರುತ್ತದೆ, ಅದು ಅಮ್ಮ ಕೂರುವ ಮೂಲೆಯೇ. ಕೈಬ್ರೇಕಿನ ಡ್ರಮ್ಮು ಗೇರ್‌ಬಾಕ್ಸಿನ ಹಿಂದಿನ ಪೆಟ್ಟಿಗೆಗೆ ಅಂಟಿಕೊಂಡಂತಿರುವುದರಿಂದ, ಅಲ್ಲಿಯ ಸೀಲಿನಿಂದ ಒಸರುವ ಆಯಿಲು ನೇರ ಬ್ರೇಕಿನ ಮೇಲೆ ಬೀಳುತ್ತದೆ. ಸೀಲು ಎರಡು ಸಲ ಬದಲಾಯಿತು, ಒಸರು ನಿಂತಿಲ್ಲ. ಸೀಲು ಕೂರುವ ಜಾಗವೇ ಸವೆದಿದೆಯೆಂದು ಫಿಟ್ಟರ್ ಅಣ್ಣನ ಅಭಿಪ್ರಾಯ, ಅದನ್ನು ಲೇತಿಗೆ ಕೊಡಲು ಪೆಟ್ಟಿಗೆಯನ್ನು ಮತ್ತೆ ಇಳಿಸಬೇಕು. ಅಡಿಕೆ ಕೊಯ್ಲು ಮುಗಿದು ಕೊಟ್ಟಿಗೆ ಖಾಲಿಯಾದ ಮೇಲೆ ಆ ಕೆಲಸ. ಅಲ್ಲಿಯವರೆಗೆ ಏರಿನಲ್ಲಿ ನಿಲ್ಲಿಸುವಾಗ ಹಿಂದಿನ ಚಕ್ರಕ್ಕೆ ಕೊಡಲೆಂದು ಮುರಕಲ್ಲಿನ ತುಂಡೊಂದನ್ನು ಆಸನದ ಪಕ್ಕದಲ್ಲಿ ಇಟ್ಟುಕೊಂಡಿದ್ದೇವೆ.